ಕೈಗಾದ ಒಲೆ, ನಮ್ಮೂರ ದೀಪ

(ಶಾಲೆಯ ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿ, ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ಅರ್ಧ ಗಂಟೆ ಕೊಟ್ಟು, ವಿಜ್ಞಾನದ ಯಾವುದಾದರೂ ವಿಷಯ ಮಾತಾಡಿ ಅಂದರು. ಕರೆಂಟಿನ ವಿಷಯ ಮಾತಾಡೋಣ ಅಂದುಕೊಂಡೆ. ಯಾಕೆಂದರೆ ನಮ್ಮ ಕಡೆ ಕರೆಂಟು ಅಂದರೆ ಬರೀ ದೀಪ ಅಲ್ಲ. ಕರೆಂಟು ಇದ್ದರೆ ಬೋರ್‌ವೆಲ್, ಬೋರ್‌ವೆಲ್ ಇದ್ದರೆ ತೆಂಗು, ಅಡಿಕೆ. ರಾತ್ರಿ ತ್ರೀ ಫೇಸ್ ಕೊಟ್ಟರೆ ಟಾರ್ಚು ಹಿಡಿದು ತೋಟಕ್ಕೆ ಹೋಗಬೇಕು, ಟಿಸಿ ಸುಟ್ಟರೆ ವಾರಗಟ್ಟಲೆ ಕಾಯಬೇಕು. ಇಷ್ಟೆಲ್ಲ ಒದ್ದಾಡಿದರೂ ಆ ಕರೆಂಟು ಹುಟ್ಟುವುದು ಎಲ್ಲಿ ಎಂದು ನಾವು ಕೇಳುವುದು ಕಡಿಮೆ. ಅದು ಹುಟ್ಟುವ ಜಾಗಗಳಲ್ಲಿ ಒಂದು, ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನ ಕೈಗಾ. ಕಾಳಿ ನದಿಯ ದಡದಲ್ಲಿ, ಕಾಡಿನ ನಡುವೆ ಇರುವ ಅಣು ವಿದ್ಯುತ್ ಸ್ಥಾವರ. ಅದು ಹೇಗೆ ಬಂತು, ಹೇಗೆ ಕೆಲಸ ಮಾಡುತ್ತದೆ, ಅದರ ಬಗ್ಗೆ ಇರುವ ಭಯದಲ್ಲಿ ಎಷ್ಟು ಸರಿ ಎಷ್ಟು ತಪ್ಪು, ಇವಿಷ್ಟು ಇವತ್ತಿನ ಮಾತು.

ಮೊದಲು ಸ್ವಲ್ಪ ಇತಿಹಾಸ. ನಮ್ಮ ರಾಜ್ಯ ಕರೆಂಟಿನ ವಿಷಯದಲ್ಲಿ ಹಳೆಯ ಹುಲಿ. 1902ರಲ್ಲೇ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು. ಆಮೇಲೆ ಜೋಗ, ಶರಾವತಿ. ಎಲ್ಲವೂ ನೀರಿನ ಕರೆಂಟು. ಮಳೆ ಚೆನ್ನಾಗಿ ಬಂದ ವರ್ಷ ಅಡ್ಡಿಯಿಲ್ಲ, ಲಿಂಗನಮಕ್ಕಿ ತುಂಬದ ವರ್ಷ ರಾಜ್ಯವೇ ಕತ್ತಲು. ನಮ್ಮ ಈ ಶಾಲೆಯ ಮೊದಮೊದಲ ಬ್ಯಾಚುಗಳವರಿಗೆ ಆ ಕಾಲದ ಪವರ್ ಕಟ್ ನೆನಪಿದ್ದೀತು. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರ ಶುರುವಾಯಿತು. ಆದರೆ ನಮ್ಮಲ್ಲಿ ಕಲ್ಲಿದ್ದಲು ಗಣಿ ಇಲ್ಲ, ರೈಲಿನಲ್ಲಿ ಹೊರ ರಾಜ್ಯದಿಂದ ತರಬೇಕು. ಮಳೆ ನಂಬಬಾರದು, ಕಲ್ಲಿದ್ದಲು ದೂರ. ಇಂಥ ಸ್ಥಿತಿಯಲ್ಲಿ ಕೈಗಾ ಯೋಜನೆ ರೂಪುಗೊಂಡಿತು.

ಇಲ್ಲಿ ನಮ್ಮ ಜಿಲ್ಲೆಯ ಒಬ್ಬರ ಹೆಸರು ಹೇಳಲೇಬೇಕು. ತಿಪಟೂರಿನಲ್ಲಿ 1925ರಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ನಡೆದ ಮೊದಲ ಅಣು ಪರೀಕ್ಷೆಯ ಮುಂದಾಳು ಅವರೇ. ಪಿಯಾನೋ ನುಡಿಸುವುದರಲ್ಲೂ ಅಷ್ಟೇ ನಿಪುಣರು. 1983ರಿಂದ 1987ರವರೆಗೆ ಅವರು ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದರು. ಅವರ ನಂತರ ಆ ಸ್ಥಾನಕ್ಕೆ ಬಂದವರು ಬೆಂಗಳೂರಿನಲ್ಲಿ ಹುಟ್ಟಿ ಮೈಸೂರು, ಬೆಂಗಳೂರಿನಲ್ಲಿ ಓದಿದ ಇಂಜಿನಿಯರ್ ಡಾ. ಎಂ.ಆರ್. ಶ್ರೀನಿವಾಸನ್. 1987ರಲ್ಲಿ ಹುಟ್ಟಿಕೊಂಡ ಭಾರತೀಯ ಅಣು ವಿದ್ಯುತ್ ನಿಗಮಕ್ಕೂ ಅವರೇ ಮೊದಲ ಅಧ್ಯಕ್ಷರು. ಅವರು ತೀರಿಕೊಂಡದ್ದು 2025ರ ಮೇ ತಿಂಗಳಿನಲ್ಲಿ.

ದೇಶದ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಹೋಮಿ ಭಾಭಾ ಅವರ ನೇತೃತ್ವದಲ್ಲಿ 1956ರಲ್ಲಿ ಮುಂಬಯಿಯ ಟ್ರಾಂಬೆಯಲ್ಲಿ 'ಅಪ್ಸರಾ' ಎಂಬ ಸಂಶೋಧನಾ ರಿಯಾಕ್ಟರ್ ಶುರುವಾಯಿತು. 1969ರಲ್ಲಿ ಅಮೆರಿಕದ ನೆರವಿನಿಂದ ತಾರಾಪುರದಲ್ಲಿ ವಿದ್ಯುತ್ ಬಂತು. ರಾಜಸ್ಥಾನದಲ್ಲಿ ಕೆನಡಾ ನೆರವಿನಿಂದ ಕೆಲಸ ನಡೆಯುತ್ತಿತ್ತು. ಪೋಖ್ರಾನ್ ಪರೀಕ್ಷೆ ಆದದ್ದೇ ತಡ, ಕೆನಡಾ ಕೈಬಿಟ್ಟಿತು. ಆಮೇಲೆ ಉಳಿದದ್ದನ್ನು ನಮ್ಮವರೇ ಕಲಿತು ಕಟ್ಟಿದರು. ಮದರಾಸಿನ ಹತ್ತಿರದ ಕಲ್ಪಾಕ್ಕಂ, ನರೋರಾ, ಕಾಕ್ರಪಾರ, ಹೀಗೆ ಒಂದೊಂದೇ ಬೆಳೆದು ಕೈಗಾಕ್ಕೆ ಬಂದಿತು.

ಕೈಗಾದಲ್ಲಿ ಮೊದಲ ಎರಡು ಘಟಕಗಳ ಕಾಂಕ್ರೀಟ್ ಕೆಲಸ ಆರಂಭವಾದದ್ದು 1989ರಲ್ಲಿ. ಅದೇ ಹೊತ್ತಿಗೆ ವಿರೋಧವೂ ಜೋರಾಗಿತ್ತು. ಚೆರ್ನೋಬಿಲ್ ದುರಂತ ನಡೆದು ಮೂರು ವರ್ಷವಷ್ಟೇ ಆಗಿತ್ತು. ಡಾ. ಶಿವರಾಮ ಕಾರಂತರು ಎಂಬತ್ತು ದಾಟಿದ ವಯಸ್ಸಿನಲ್ಲಿ ಕೈಗಾ ವಿರೋಧಿ ಚಳವಳಿಗೆ ನಿಂತರು, ಪರಿಸರದ ಮಾತನ್ನೇ ಮುಂದಿಟ್ಟುಕೊಂಡು ಲೋಕಸಭೆ ಚುನಾವಣೆಗೂ ಸ್ಪರ್ಧಿಸಿದರು. ಗೆಲ್ಲಲಿಲ್ಲ. ಆದರೆ ಪಶ್ಚಿಮ ಘಟ್ಟದ ಕಾಡು, ನದಿ, ಜನ ಇವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ದೊಡ್ಡ ಯೋಜನೆ ಮಾಡಬಾರದು ಎನ್ನುವ ಮಾತು ಕರ್ನಾಟಕದ ಮನೆಮನೆಗೆ ಮುಟ್ಟಿದ್ದು ಆ ಚಳವಳಿಯಿಂದ.

1994ರ ಮೇ 13ರಂದು ಇನ್ನೂ ಕಟ್ಟುತ್ತಿದ್ದ ಒಂದನೇ ಘಟಕದ ಒಳ ಗುಮ್ಮಟದ ಕಾಂಕ್ರೀಟು ಪದರ ಬಿಟ್ಟು ಕುಸಿದು ಬಿತ್ತು. ಕೆಲಸಗಾರರಿಗೆ ಗಾಯಗಳಾದವು. ಯಾರೂ ಸಾಯಲಿಲ್ಲ, ಒಳಗೆ ಇಂಧನವೂ ಇನ್ನೂ ಇರಲಿಲ್ಲ. ಆದರೂ ಅಪಘಾತದ ಹೊತ್ತಿನಲ್ಲಿ ಏನು ಸೋರಿದರೂ ಹಿಡಿದಿಡಬೇಕಾದ ಗುಮ್ಮಟವೇ ಬಿದ್ದದ್ದು ಸಣ್ಣ ಸಂಗತಿಯಲ್ಲ. ತನಿಖೆ ಆಯಿತು, ಗುಮ್ಮಟದ ವಿನ್ಯಾಸ ಬದಲಾಯಿತು, ಕೆಲಸ ವರ್ಷಗಟ್ಟಲೆ ತಡವಾಯಿತು. ಹಾಗಾಗಿ ಎರಡನೇ ಘಟಕವೇ ಮೊದಲು ತಯಾರಾಗಿ 2000ದ ಮಾರ್ಚ್ 16ರಂದು ವಾಣಿಜ್ಯ ಉತ್ಪಾದನೆ ಶುರುಮಾಡಿತು. ಒಂದನೆಯದು ಅದೇ ವರ್ಷ ನವೆಂಬರ್ 16ಕ್ಕೆ, ಮೂರನೆಯದು 2007ರ ಮೇ ತಿಂಗಳಲ್ಲಿ, ನಾಲ್ಕನೆಯದು 2011ರ ಜನವರಿಯಲ್ಲಿ. ಒಂದೊಂದೂ 220 ಮೆಗಾವಾಟ್, ಒಟ್ಟು 880 ಮೆಗಾವಾಟ್.

ಈಗ ಮಕ್ಕಳು ಸ್ವಲ್ಪ ಗಮನ ಕೊಡಿ. ಇದು ಹೇಗೆ ಕೆಲಸ ಮಾಡುತ್ತದೆ?

ದೊಡ್ಡ ಗುಟ್ಟೇನಿಲ್ಲ. ಬಚ್ಚಲು ಮನೆಯ ಹಂಡೆಗೆ ಉರಿ ಹಾಕಿ ನೀರು ಕಾಯಿಸುತ್ತೀವಲ್ಲ, ಅದೇ. ನೀರು ಕಾಯಬೇಕು, ಆವಿಯಾಗಬೇಕು, ಆವಿ ಹೋಗಿ ಟರ್ಬೈನ್ ಎಂಬ ಚಕ್ರವನ್ನು ನಿಮಿಷಕ್ಕೆ 3000 ಸುತ್ತು ತಿರುಗಿಸಬೇಕು, ಅದಕ್ಕೆ ಜೋಡಿಸಿದ ಜನರೇಟರ್ ವಿದ್ಯುತ್ ಕೊಡಬೇಕು. ರಾಯಚೂರಿನಲ್ಲೂ ಇಷ್ಟೇ. ಅಲ್ಲಿ ಹಂಡೆಯ ಕೆಳಗೆ ಕಲ್ಲಿದ್ದಲು ಉರಿಯುತ್ತದೆ, ಇಲ್ಲಿ ಯುರೇನಿಯಂ ಬಿಸಿ ಕೊಡುತ್ತದೆ. ಬೆಂಕಿ ಇಲ್ಲ, ಹೊಗೆ ಇಲ್ಲ.

ಯುರೇನಿಯಂನಲ್ಲಿ ಬಿಸಿ ಎಲ್ಲಿಂದ ಬಂತು? ಯುರೇನಿಯಂ ಪರಮಾಣುವಿನ ಬೀಜಕ್ಕೆ ನ್ಯೂಟ್ರಾನ್ ಎಂಬ ಕಣ ತಗುಲಿದರೆ ಅದು ಒಡೆದು ಎರಡು ಹೋಳಾಗುತ್ತದೆ. ಒಡೆಯುವಾಗ ಬಿಸಿ ಹೊರಬರುತ್ತದೆ, ಜೊತೆಗೆ ಎರಡು ಮೂರು ಹೊಸ ನ್ಯೂಟ್ರಾನ್‌ಗಳೂ ಬರುತ್ತವೆ. ಅವು ಹೋಗಿ ಇನ್ನಷ್ಟು ಬೀಜಗಳನ್ನು ಒಡೆಯುತ್ತವೆ. ಇದೇ ಸರಪಳಿ ಕ್ರಿಯೆ. ಆದರೆ ಗಣಿಯಿಂದ ತೆಗೆದ ಯುರೇನಿಯಂನಲ್ಲಿ ಹೀಗೆ ಸುಲಭವಾಗಿ ಒಡೆಯುವ ಜಾತಿ, ಯುರೇನಿಯಂ-235, ಸಾವಿರಕ್ಕೆ ಏಳು ಮಾತ್ರ. ಉಳಿದವು ಸುಮ್ಮನೆ ಕೂತಿರುವಂಥವು. ಅಷ್ಟು ಕಡಿಮೆ ಇರುವಾಗ ಸರಪಳಿ ಕಡಿಯದಂತೆ ನೋಡಿಕೊಳ್ಳುವುದೇ ಕಷ್ಟ.

ಅದಕ್ಕೊಂದು ಉಪಾಯ. ಎಕ್ಸ್‌ಪ್ರೆಸ್ ಬಸ್ಸು ನಮ್ಮೂರ ಗೇಟಿನಲ್ಲಿ ನಿಲ್ಲುತ್ತದೆಯೇ? ಭರ್ರನೆ ಹೋಗಿಬಿಡುತ್ತದೆ. ನಿಧಾನಕ್ಕೆ ಬರುವ ಶಟಲ್ ಬಸ್ಸಾದರೆ ನಿಲ್ಲುತ್ತದೆ, ಜನ ಹತ್ತುತ್ತಾರೆ. ನ್ಯೂಟ್ರಾನ್ ಕೂಡ ಹಾಗೆಯೇ. ಹುಟ್ಟುವಾಗ ಭಾರಿ ವೇಗ, ಆ ವೇಗದಲ್ಲಿ ಯುರೇನಿಯಂ-235 ಅದನ್ನು ಹಿಡಿಯುವುದು ಅಪರೂಪ. ನಿಧಾನ ಮಾಡಿದರೆ ಹಿಡಿಯುತ್ತದೆ. ನಿಧಾನ ಮಾಡುವುದಕ್ಕೆ ಹಗುರ ಬೀಜಗಳಿಗೆ ಡಿಕ್ಕಿ ಹೊಡೆಸಬೇಕು. ಗೋಲಿ ಆಡುವವರಿಗೆ ಗೊತ್ತು: ಗೋಲಿಗೆ ಗೋಲಿ ತಾಗಿದರೆ ವೇಗ ಹಂಚಿಹೋಗುತ್ತದೆ, ಗುಂಡುಕಲ್ಲಿಗೆ ತಾಗಿದರೆ ಅದೇ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ನೀರಿನಲ್ಲಿರುವ ಹೈಡ್ರೋಜನ್ ಇದಕ್ಕೆ ಸರಿಯಾದ ಗೋಲಿ. ಆದರೆ ಅದಕ್ಕೊಂದು ಕೆಟ್ಟ ಗುಣ, ಕೆಲವು ನ್ಯೂಟ್ರಾನ್‌ಗಳನ್ನು ತಾನೇ ನುಂಗಿಬಿಡುತ್ತದೆ. ಅದರ ಅಣ್ಣ ಡ್ಯೂಟೀರಿಯಂ ಅಷ್ಟು ನುಂಗುವುದಿಲ್ಲ. ಡ್ಯೂಟೀರಿಯಂ ಇರುವ ನೀರೇ ಭಾರಜಲ. ಒಂದು ಲೀಟರ್ ತೂಗಿದರೆ ಸುಮಾರು ಒಂದು ಕಿಲೋ ನೂರು ಗ್ರಾಂ. ಸಾಮಾನ್ಯ ನೀರಿನಲ್ಲಿ ಆರೇಳು ಸಾವಿರ ಹೈಡ್ರೋಜನ್‌ಗೆ ಒಂದರಂತೆ ಇರುವ ಇದನ್ನು ಬೇರ್ಪಡಿಸುವುದು ದುಬಾರಿ ಕೆಲಸ. ಅದನ್ನೂ ನಮ್ಮ ದೇಶವೇ ಮಾಡಿಕೊಳ್ಳುತ್ತದೆ. ಭಾರಜಲ ಇದ್ದುದರಿಂದಲೇ ಯುರೇನಿಯಂ ಅನ್ನು ಶ್ರೀಮಂತಗೊಳಿಸದೆ, ಗಣಿಯಿಂದ ಬಂದ ಹದದಲ್ಲೇ ಬಳಸಲು ಸಾಧ್ಯವಾಯಿತು. ಹೊರ ದೇಶದವರ ಮುಂದೆ ಕೈಚಾಚದೆ ಕೈಗಾ ಕಟ್ಟಲು ಆದದ್ದು ಈ ದಾರಿಯಿಂದ.

ರಿಯಾಕ್ಟರ್ ಒಳಗೆ ಅಡ್ಡಡ್ಡ ಮಲಗಿಸಿದ 306 ಕೊಳವೆಗಳಿವೆ. ಒಂದೊಂದರಲ್ಲೂ 12 ಇಂಧನ ಕಟ್ಟುಗಳು. ಒಂದು ಕಟ್ಟು ಅರ್ಧ ಮೀಟರ್ ಉದ್ದ, 19 ಕಡ್ಡಿಗಳನ್ನು ಸೇರಿಸಿ ಮಾಡಿದ್ದು, ತೂಕ ಹದಿನೈದು ಕಿಲೋ ಆಸುಪಾಸು. ಹೈದರಾಬಾದಿನ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಆ ಒಂದು ಕಟ್ಟು ರಿಯಾಕ್ಟರ್ ಒಳಗೆ ಇದ್ದು ಹೊರಬರುವಷ್ಟರಲ್ಲಿ ಹೆಚ್ಚು ಕಡಿಮೆ 6 ಲಕ್ಷ ಯೂನಿಟ್ ಕರೆಂಟು ಕೊಟ್ಟಿರುತ್ತದೆ. ತಿಂಗಳಿಗೆ ನೂರು ಯೂನಿಟ್ ಸುಡುವ ಐನೂರು ಮನೆಗಳಿಗೆ ಒಂದು ವರ್ಷ ಸಾಕು. ಅಷ್ಟನ್ನೇ ಕಲ್ಲಿದ್ದಲಿನಿಂದ ತೆಗೆಯಬೇಕೆಂದರೆ ಸುಮಾರು 400 ಟನ್ ಸುಡಬೇಕು, ಅಂದರೆ ನಲವತ್ತು ಲಾರಿ ಲೋಡು.

ಕೊಳವೆಗಳ ಒಳಗೆ ಹರಿಯುವ ಭಾರಜಲ ಸುಮಾರು 290 ಡಿಗ್ರಿಗೆ ಕಾಯುತ್ತದೆ. ಕುಕ್ಕರ್‌ನಲ್ಲಿ ಹೇಗೆ ಒತ್ತಡ ಹಾಕಿ ನೀರನ್ನು ನೂರು ಡಿಗ್ರಿ ದಾಟಿಸುತ್ತೇವೋ ಹಾಗೆ, ಇಲ್ಲಿ ಅದಕ್ಕಿಂತ ಹತ್ತಾರು ಪಟ್ಟು ಒತ್ತಡ. ಈ ಭಾರಜಲ ಟರ್ಬೈನ್‌ಗೆ ಹೋಗುವುದಿಲ್ಲ. ಬೇರೆ ಪಾತ್ರೆಯಲ್ಲಿ, ಕೊಳವೆಯ ಗೋಡೆಯ ಮೂಲಕ, ಸಾಮಾನ್ಯ ನೀರಿಗೆ ಬಿಸಿ ಕೊಟ್ಟು ವಾಪಸ್ ಬರುತ್ತದೆ. ಆ ಸಾಮಾನ್ಯ ನೀರು ಆವಿಯಾಗಿ ಟರ್ಬೈನ್ ತಿರುಗಿಸುತ್ತದೆ. ಆ ಆವಿಯನ್ನು ಮತ್ತೆ ತಣಿಸಲು ಬೇಕಾದ ನೀರು ಕಾಳಿ ನದಿಯ ಕದ್ರಾ ಜಲಾಶಯದಿಂದ ಬರುತ್ತದೆ. ಹುಟ್ಟಿದ ಬಿಸಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಮಾತ್ರ ಕರೆಂಟಾಗುತ್ತದೆ, ಉಳಿದ ಬಿಸಿ ನೀರಿನ ಪಾಲು.

ಇನ್ನೊಂದು ವಿಶೇಷ. ಒಲೆ ಆರಿಸದೆ ಸೌದೆ ತುಂಬುವ ಹಾಗೆ, ಈ ರಿಯಾಕ್ಟರ್ ನಿಲ್ಲಿಸದೆ ಇಂಧನ ಬದಲಿಸಬಹುದು. ಕೊಳವೆಯ ಎರಡು ತುದಿಗೂ ಎರಡು ಯಂತ್ರ ಬಂದು ಕಚ್ಚಿಕೊಳ್ಳುತ್ತವೆ. ಒಂದು ಹೊಸ ಕಟ್ಟು ತಳ್ಳುತ್ತದೆ, ಇನ್ನೊಂದು ಹಳೆಯದನ್ನು ತೆಗೆದುಕೊಳ್ಳುತ್ತದೆ. ಇದರಿಂದಲೇ ಕೈಗಾ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ, ಒಂದು ದಿನವೂ ನಿಲ್ಲದೆ 962 ದಿನ ಓಡಿತು. ಇಂಗ್ಲೆಂಡಿನ ಹೇಶಂ ಸ್ಥಾವರದ 940 ದಿನಗಳ ದಾಖಲೆ ಮುರಿದು ಜಗತ್ತಿಗೇ ಮೊದಲಾಯಿತು. ಆ ಅವಧಿಯಲ್ಲಿ ಕೊಟ್ಟ ಕರೆಂಟು ಸುಮಾರು 500 ಕೋಟಿ ಯೂನಿಟ್. ಆಮೇಲೆ ಕೆನಡಾದ ಡಾರ್ಲಿಂಗ್ಟನ್ ಘಟಕ ಈ ದಾಖಲೆಯನ್ನು ದಾಟಿತು. ಒಂದು ಕಾಲಕ್ಕೆ ನಮ್ಮ ಕೈಬಿಟ್ಟ ದೇಶದ ಜೊತೆ ನಾವು ಈಗ ಓಟದ ಸ್ಪರ್ಧೆಯಲ್ಲಿದ್ದೇವೆ. 1994ರಲ್ಲಿ ಗುಮ್ಮಟ ಕುಸಿದದ್ದೂ ಇದೇ ಒಂದನೇ ಘಟಕದಲ್ಲಿ, ದಾಖಲೆಯ ಓಟ ಶುರುವಾದದ್ದೂ ಅದೇ ಮೇ 13ರಂದು.

ಈಗ ಭಯದ ವಿಷಯಕ್ಕೆ ಬರೋಣ. 'ಅಣು ಸ್ಥಾವರ ಬಾಂಬಿನ ಹಾಗೆ ಸಿಡಿಯುತ್ತದೆಯೇ?' ಇಲ್ಲ. ಬಾಂಬಿಗೆ ಬಹುಪಾಲು ಯುರೇನಿಯಂ-235 ಇರಬೇಕು. ಸಾವಿರಕ್ಕೆ ಏಳು ಇರುವ ಇಂಧನ ಬಾಂಬಾಗುವುದಿಲ್ಲ. ಕಷ್ಟ ಇರುವುದು ಬೇರೆ ಕಡೆ.

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ನೋಡಿದ್ದೀರಿ. ಶಿಂಷಾ ನದಿಗೆ ಕಟ್ಟಿದ ಆ ಕಟ್ಟೆಯಲ್ಲಿ ಸೈಫನ್‌ಗಳಿವೆ. ನೀರು ಒಂದು ಮಟ್ಟ ದಾಟಿದರೆ ಸೈಫನ್ ತಾನೇ ಎಳೆದು ನೀರು ಹೊರಹಾಕುತ್ತದೆ. ಮಧ್ಯರಾತ್ರಿ ಯಾರೂ ಎದ್ದು ಹೋಗಿ ಗೇಟು ಎತ್ತಬೇಕಾಗಿಲ್ಲ. ಕೈಗಾದಲ್ಲೂ ಇದೇ ತತ್ವ. ನ್ಯೂಟ್ರಾನ್ ನುಂಗುವ ಕಂಬಿಗಳನ್ನು ರಿಯಾಕ್ಟರ್ ಮೇಲೆ ವಿದ್ಯುತ್ಕಾಂತದಿಂದ ಎತ್ತಿ ಹಿಡಿದಿರುತ್ತಾರೆ. ಕರೆಂಟು ಹೋಯಿತೆಂದರೆ ಹಿಡಿತ ಬಿಡುತ್ತದೆ, ಕಂಬಿಗಳು ತಮ್ಮ ತೂಕಕ್ಕೆ ತಾವೇ ಒಳಗೆ ಬೀಳುತ್ತವೆ, ಕೆಲವೇ ಸೆಕೆಂಡಿನಲ್ಲಿ ಸರಪಳಿ ಕ್ರಿಯೆ ನಿಲ್ಲುತ್ತದೆ. ಅದು ಕೈಕೊಟ್ಟರೆ ಎಂದು ಇನ್ನೊಂದು ಬೇರೆಯೇ ವ್ಯವಸ್ಥೆಯೂ ಇದೆ.

ಸರಪಳಿ ನಿಂತರೆ ಎಲ್ಲ ಮುಗಿಯಿತೇ? ಮುಗಿಯಲಿಲ್ಲ. ಒಲೆಯಿಂದ ಕೊಳ್ಳಿ ಎಳೆದ ಮೇಲೂ ಕೆಂಡ ಇರುತ್ತದಲ್ಲ. ಒಡೆದ ಪರಮಾಣುಗಳ ಹೋಳುಗಳು ಸುಮ್ಮನಿರುವುದಿಲ್ಲ, ವಿಕಿರಣ ಬಿಡುತ್ತ ಬಿಸಿ ಕೊಡುತ್ತಲೇ ಇರುತ್ತವೆ. ನಿಲ್ಲಿಸಿದ ಕ್ಷಣದಲ್ಲಿ ಈ ಕೆಂಡದ ಬಿಸಿ ಪೂರ್ಣ ಶಕ್ತಿಯ ಶೇಕಡ 6-7ರಷ್ಟು. ಆಮೇಲೆ ಇಳಿಯುತ್ತದೆ, ಆದರೆ ದಿನಗಟ್ಟಲೆ, ತಿಂಗಳುಗಟ್ಟಲೆ ನೀರು ಹಾಯಿಸುತ್ತಲೇ ಇರಬೇಕು. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಭೂಕಂಪ ಆದಾಗ ರಿಯಾಕ್ಟರ್‌ಗಳು ಸರಿಯಾಗಿಯೇ ನಿಂತವು. ನಂತರ ಬಂದ ಸುನಾಮಿ ಡೀಸೆಲ್ ಜನರೇಟರ್‌ಗಳನ್ನು ಮುಳುಗಿಸಿತು, ಪಂಪು ನಿಂತಿತು, ಕೆಂಡ ತಣಿಸಲು ನೀರಿಲ್ಲದೆ ಇಂಧನ ಕರಗಿತು. ಬೋರ್‌ವೆಲ್ ಮೋಟರಿಗೆ ಕರೆಂಟು ಹೋದರೆ ತೋಟ ಒಣಗುತ್ತದೆ, ಅಲ್ಲಿ ಪಂಪಿಗೆ ಕರೆಂಟು ಹೋದದ್ದಕ್ಕೆ ಊರುಗಳೇ ಖಾಲಿಯಾದವು. ಕೈಗಾ ಸಮುದ್ರದ ದಡದಲ್ಲಿಲ್ಲ, ಆದರೆ ಅದರ ಮೇಲುಭಾಗದಲ್ಲಿ ಕೊಡಸಳ್ಳಿ, ಸೂಪಾ ಅಣೆಕಟ್ಟುಗಳಿವೆ. ಹೊಳೆ ಉಕ್ಕಿದರೆ ಏನು, ಪಂಪಿಗೆ ಬದಲಿ ಕರೆಂಟು ಎಲ್ಲಿಂದ, ಇವು ಕೇಳಲೇಬೇಕಾದ ಪ್ರಶ್ನೆಗಳು.

ಯಂತ್ರವನ್ನು ನಂಬಿದರೂ ಮನುಷ್ಯನ ಬಗ್ಗೆ ಎಚ್ಚರ ಬೇಕು. 2009ರ ನವೆಂಬರ್‌ನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರ್‌ಗೆ ಯಾರೋ ಬೇಕೆಂದೇ ಟ್ರಿಟಿಯಂ ಬೆರೆತ ಭಾರಜಲ ಸೇರಿಸಿದ್ದರು. ಐವತ್ತಕ್ಕೂ ಹೆಚ್ಚು ಕೆಲಸಗಾರರ ದೇಹದಲ್ಲಿ ಟ್ರಿಟಿಯಂ ಕಂಡುಬಂತು. ಕೆಲಸಗಾರರ ಮೂತ್ರವನ್ನು ನಿಯಮಿತವಾಗಿ ಪರೀಕ್ಷೆ ಮಾಡುವ ಪದ್ಧತಿ ಇದ್ದುದರಿಂದ ಅದು ಬೇಗ ಗೊತ್ತಾಯಿತು. ದಪ್ಪ ಗೋಡೆಗಳ ಜೊತೆಗೆ ದಿನನಿತ್ಯದ ಶಿಸ್ತಿನ ಪರೀಕ್ಷೆಯೂ ಜೀವ ಉಳಿಸುತ್ತದೆ.

ಬಳಸಿದ ಇಂಧನದ ಪ್ರಶ್ನೆ ಇನ್ನೂ ದೊಡ್ಡದು. ಹೊರತೆಗೆದ ಕಟ್ಟುಗಳನ್ನು ಆಳವಾದ ನೀರಿನ ತೊಟ್ಟಿಯಲ್ಲಿ ವರ್ಷಗಟ್ಟಲೆ ಇಡಬೇಕು. ಅದರಲ್ಲಿರುವ ಸೀಸಿಯಂ-137 ಅರ್ಧಕ್ಕೆ ಇಳಿಯಲು 30 ವರ್ಷ ಬೇಕು. ಪ್ಲುಟೋನಿಯಂ-239 ಅರ್ಧವಾಗಲು 24,000 ವರ್ಷ. ನಮ್ಮ ಕಡಬದ ಕೆರೆಯನ್ನು ಪೂರ್ವಿಕರು ಕಟ್ಟಿಹೋದರು, ನಾವು ಇವತ್ತಿಗೂ ಅದರ ಹೆಸರು ಹೇಳುತ್ತೇವೆ. ಇದೂ ನಾವು ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿಯೇ, ಆದರೆ ಕಾವಲು ಕಾಯಬೇಕಾದ ಆಸ್ತಿ. ದೇಶ ಇದನ್ನು ಸಂಸ್ಕರಿಸಿ ಮತ್ತೆ ಬಳಸುವ ದಾರಿ ಹಿಡಿದಿದೆ. ಆಗಲೂ ಉಳಿಯುವ ಕಸವನ್ನು ಗಾಜಿನಲ್ಲಿ ಹುದುಗಿಸಿ ಜೋಪಾನ ಮಾಡಬೇಕು.

ಇನ್ನು ನ್ಯಾಯದ ಮಾತು. ಕದ್ರಾ, ಕೊಡಸಳ್ಳಿ ಅಣೆಕಟ್ಟು, ಕೈಗಾ ಸ್ಥಾವರ, ಕಾರವಾರದ ಸೀಬರ್ಡ್ ನೌಕಾನೆಲೆ, ಇವೆಲ್ಲ ಒಂದೇ ತಾಲ್ಲೂಕಿನ ಸುತ್ತಮುತ್ತ. ನೆಲ ಬಿಟ್ಟು ಎದ್ದುಹೋದವರು ಅಲ್ಲಿನ ಜನ. ಕ್ಯಾನ್ಸರ್ ಬಗ್ಗೆ ಆತಂಕ ಹೊತ್ತು ಬದುಕುವವರೂ ಅವರೇ. ಕರೆಂಟು ಮಾತ್ರ ದಕ್ಷಿಣದ ರಾಜ್ಯಗಳಿಗೆಲ್ಲ ಹಂಚಿಕೆಯಾಗುತ್ತದೆ. ಅವರ ಆತಂಕವನ್ನು ಅಜ್ಞಾನ ಎಂದು ನಗುವುದು ತಪ್ಪು. ಅಲ್ಲಿನ ಗಾಳಿ, ನೀರು, ಮೀನು, ಹಾಲಿನ ಪರೀಕ್ಷೆಯ ಲೆಕ್ಕ ಕನ್ನಡದಲ್ಲಿ, ಪಂಚಾಯಿತಿ ಬೋರ್ಡಿನಲ್ಲಿ ಹಾಕುವಂತೆ ಆದರೆ ಅರ್ಧ ಆತಂಕ ಇಳಿಯುತ್ತದೆ.

ನಮ್ಮ ಜಿಲ್ಲೆಯಲ್ಲೂ ಈಗ ಕರೆಂಟು ಹುಟ್ಟುತ್ತದೆ. ಪಾವಗಡದ ಸೋಲಾರ್ ಪಾರ್ಕು, 13,000 ಎಕರೆ, 2,050 ಮೆಗಾವಾಟ್. ಅಲ್ಲಿ ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಮೆಗಾವಾಟ್ ಲೆಕ್ಕದಲ್ಲಿ ಅದು ಕೈಗಾದ ಎರಡು ಪಟ್ಟಿಗಿಂತ ಹೆಚ್ಚು. ಆದರೆ ಬಿಸಿಲು ಪೂರ್ಣ ಶಕ್ತಿಯಲ್ಲಿ ಸಿಗುವುದು ದಿನಕ್ಕೆ ಐದು ಗಂಟೆಯಷ್ಟು ಎಂದು ಹಿಡಿದರೆ ಒಂದು ಕೋಟಿ ಯೂನಿಟ್ ಆಗುತ್ತದೆ. ಕೈಗಾದ ನಾಲ್ಕೂ ಘಟಕ ಇಪ್ಪತ್ನಾಲ್ಕು ಗಂಟೆ ಓಡಿದರೆ ಎರಡು ಕೋಟಿ ಹನ್ನೊಂದು ಲಕ್ಷ ಯೂನಿಟ್. ಹಗಲು ಪಾವಗಡ, ರಾತ್ರಿ ಕೈಗಾ ಮತ್ತು ಶರಾವತಿ ಎಂದು ಇಟ್ಟುಕೊಳ್ಳಿ. ಹಗಲಿನ ಸೋಲಾರ್ ಕರೆಂಟು ನಮ್ಮ ಪಂಪ್‌ಸೆಟ್ಟಿಗೆ ಹಗಲೇ ಸಿಕ್ಕರೆ, ರಾತ್ರಿ ಹಾವು ಚೇಳಿನ ಭಯದಲ್ಲಿ ತೋಟಕ್ಕೆ ಹೋಗುವುದು ತಪ್ಪುತ್ತದೆ. ಯಾವುದು ಒಳ್ಳೆಯದು ಯಾವುದು ಕೆಟ್ಟದ್ದು ಎನ್ನುವ ಜಗಳಕ್ಕಿಂತ, ಯಾವುದನ್ನು ಎಷ್ಟು, ಯಾರ ಖರ್ಚಿನಲ್ಲಿ ಎಂಬ ಲೆಕ್ಕ ನಮಗೆ ಉಪಯೋಗ.

ಈ ಲೆಕ್ಕ ಇನ್ನು ಮುಂದೆ ಹೆಚ್ಚಾಗುತ್ತದೆ. ಕೈಗಾದಲ್ಲೇ 700 ಮೆಗಾವಾಟ್‌ನ ಐದನೆಯ, ಆರನೆಯ ಘಟಕಗಳಿಗೆ 2017ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. 2047ಕ್ಕೆ ದೇಶದಲ್ಲಿ ಒಂದು ಲಕ್ಷ ಮೆಗಾವಾಟ್ ಅಣು ವಿದ್ಯುತ್ ಆಗಬೇಕೆಂದು 2025ರ ಬಜೆಟ್‌ನಲ್ಲಿ ಗುರಿ ಇಟ್ಟಿದ್ದಾರೆ. ಅಷ್ಟೊಂದು ಸ್ಥಾವರಗಳಿಗೆ ಜಾಗ ಬೇಕು, ನೀರು ಬೇಕು, ಓದಿದ ಹುಡುಗ ಹುಡುಗಿಯರು ಬೇಕು. ಇವತ್ತು ಮುಂದಿನ ಸಾಲಿನಲ್ಲಿ ಕೂತಿರುವ ಎಂಟನೇ ಕ್ಲಾಸಿನ ಮಕ್ಕಳಿಗೆ ಆಗ ಮೂವತ್ತೈದರ ಆಸುಪಾಸು. ಇವರಲ್ಲಿ ಒಬ್ಬರು ಕಂಟ್ರೋಲ್ ರೂಮಿನಲ್ಲಿ ಕೂತಿರಬಹುದು, ಇನ್ನೊಬ್ಬರು ಸಾರ್ವಜನಿಕ ಅಹವಾಲು ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುತ್ತಿರಬಹುದು. ಇಬ್ಬರಿಗೂ ಬೇಕಾದದ್ದು ಒಂದೇ ಪಾಠ, ಅದು ಈ ಶಾಲೆಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಶುರುವಾಗುತ್ತದೆ. ತಿಪಟೂರಿನಲ್ಲಿ ಹುಟ್ಟಿದ ಒಬ್ಬ ಹುಡುಗ ದೇಶದ ಅಣುಶಕ್ತಿಯ ಚುಕ್ಕಾಣಿ ಹಿಡಿಯಬಹುದಾದರೆ, ಗುಬ್ಬಿ, ಕುಣಿಗಲ್ ಮಕ್ಕಳಿಗೆ ಏನು ಕಡಿಮೆ?

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುತ್ತೇವೆ, ಒಳ್ಳೆಯದೇ. ಜೊತೆಗೆ ಪ್ರಯೋಗಾಲಯಕ್ಕೆ ಬೇಕಾದ ಸಾಮಾನು ಕೊಡಿಸೋಣ. ವರ್ಷಕ್ಕೊಂದು ಸಲ ಹತ್ತನೇ ತರಗತಿಯ ಮಕ್ಕಳನ್ನು ಪಾವಗಡಕ್ಕೋ, ಮಾರ್ಕೋನಹಳ್ಳಿಗೋ, ಅನುಮತಿ ಸಿಕ್ಕರೆ ಕೈಗಾಕ್ಕೋ ಕರೆದುಕೊಂಡು ಹೋಗುವ ಬಸ್ಸಿನ ಖರ್ಚು ನಮ್ಮ ಸಂಘ ಹೊರಲಿ. ಕಣ್ಣಾರೆ ನೋಡಿದ ಮಗು ಹೆದರಿಕೆಗೂ ಬೀಳುವುದಿಲ್ಲ, ಭರವಸೆಯ ಮಾತಿಗೂ ಮರುಳಾಗುವುದಿಲ್ಲ, ಲೆಕ್ಕ ಕೇಳುತ್ತದೆ.